ಜೋಗದಲ್ಲಿ ರಾಯರ ಟ್ರೈಪಾಡ್

(ಆಗಸ್ಟ್ ತಿಂಗಳು. ಜೋಗದ ವೀಕ್ಷಣಾ ಕಟ್ಟೆ. ರಾಯರ ಮುಂದೆ ಟ್ರೈಪಾಡ್, ಅದರ ಮುಂದೆ ಬರೀ ಬಿಳುಪು.)

ಹೆಂಡತಿ: ರೀ, ಜಲಪಾತ ಎಲ್ಲಿ?

ರಾಯರು: ಎದುರಿಗೇ ಇದೆ ಕಣೇ. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕೂ. 253 ಮೀಟರ್! ಸದ್ದು ಕೇಳಿಸ್ತಿಲ್ವಾ?

ಹೆಂಡತಿ: ಸದ್ದು ಕೇಳೋಕೆ ಅಷ್ಟು ದುಬಾರಿ ಲೆನ್ಸ್ ಬೇಕಿತ್ತಾ?

ರಾಯರು: ಮಂಜು ಸರೀಲಿ ತಾಳು. ಎನ್‌ಡಿ ಫಿಲ್ಟರ್ ಹಾಕಿ, ಐಎಸ್‌ಒ 100ಕ್ಕೆ ಇಳಿಸಿ, ಶಟರ್ 4 ಸೆಕೆಂಡು ತೆರೆದಿಟ್ರೆ ನೀರು ಹಾಲಿನ ಹಾಗೆ ಬರುತ್ತೆ.

ಹೆಂಡತಿ: ಮಳೆಗಾಲದ ಶರಾವತಿ ಕೆಂಪಗಿರ್ತಾಳೆ. ಹಾಲಲ್ಲ, ಚಹಾ ಬರುತ್ತೆ.

ರಾಯರು: ಆಮೇಲೆ ಲೈಟ್‌ರೂಮಿನಲ್ಲಿ ಬೆಳ್ಳಗೆ ಮಾಡ್ತೀನಿ.

ಹೆಂಡತಿ: ಹಾಗಿದ್ರೆ ಮಂಜನ್ನೂ ಅಲ್ಲೇ ಸರಿಸಬಹುದಿತ್ತಲ್ಲ, ಮನೇಲೇ ಕೂತು!

ರಾಯರು: ಮಂಜಿದ್ರೇನೇ ಚಿತ್ರಕ್ಕೊಂದು ಮೂಡ್.

(ಚಿತ್ರ ಸಿಗದಿದ್ದಾಗ ಮಾತ್ರ ಹವ್ಯಾಸಿಗಳು ಹೀಗನ್ನುವುದು. ಅಷ್ಟರಲ್ಲಿ ಮಂಜು ತಟ್ಟನೆ ಸರಿಯುತ್ತದೆ. ನಾಲ್ಕೂ ಧಾರೆ ನಿಚ್ಚಳ. ರಾಯರು ಲೆನ್ಸಿನ ಮೇಲಿನ ತುಂತುರು ಒರೆಸುತ್ತಿದ್ದಾರೆ.)

ಒಬ್ಬ ಹುಡುಗ: ಅಂಕಲ್, ಸ್ವಲ್ಪ ಆಚೆ ಸರೀರಿ, ಸೆಲ್ಫಿ ತಗೋಬೇಕು.

(ರಾಯರು ಟ್ರೈಪಾಡ್ ಎತ್ತಿ ಸರಿಸಿ, ಮೂರು ಕಾಲನ್ನೂ ಮಟ್ಟ ಮಾಡಿ, ತಲೆಯೆತ್ತುತ್ತಾರೆ. ಮತ್ತೆ ಮಂಜು.)

ರಾಯರು: ನಿನಗೆ ಸಿಕ್ತೇನಪ್ಪ?

ಹುಡುಗ: ಸೂಪರ್ ಬಂದಿದೆ. ವಾಟ್ಸಾಪ್ ಮಾಡ್ಲಾ ಅಂಕಲ್?

ಹೆಂಡತಿ: ನನ್ನ ನಂಬರಿಗೆ ಕಳಿಸಪ್ಪ. ನಿನ್ನ ಮುಖ ಕತ್ತರಿಸಿ, ನಮ್ಮನೆಯವರು ತೆಗೆದದ್ದು ಅಂತ ಸ್ಟೇಟಸ್ ಹಾಕ್ಕೋತೀನಿ.