ಅತ್ತಿವೇರಿ ತೂಕಡಿಕೆ ಮೀಮಾಂಸೆ: ಅಥ ಸಿಬಿಡಿ ತೈಲಾಧಿಕರಣ

ಶಾಸ್ತ್ರಗ್ರಂಥವೆಂದ ಮೇಲೆ ಮಂಗಳಾಚರಣೆ ಇರಬೇಕು. ನಿದ್ರೆಯ ಗ್ರಂಥದಲ್ಲಿ ಅದನ್ನು ಉದ್ದ ಮಾಡಿದರೆ ವಾಚಕ ಅಲ್ಲೇ ಒರಗುವ ಅಪಾಯವಿದೆ. ಆದ್ದರಿಂದ ಕುಂಭಕರ್ಣನಿಗೆ ದೂರದಿಂದಲೇ ಕೈಮುಗಿದು, ಅವನು ಏಳುವುದರೊಳಗೆ ವಿಷಯಕ್ಕೆ ಬರುತ್ತೇವೆ. ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಮೀಮಾಂಸಕರು ಹೇಳಿದ್ದಾರೆ. ನಾಲ್ಕನೆಯದನ್ನು ಮುಟ್ಟುವ ಮೊದಲೇ ಗ್ರಂಥಕರ್ತನಿಗೆ ಜೋಂಪು ಹತ್ತಿದರೆ ಅದನ್ನು ಲೋಪವೆಂದು ಎಣಿಸದೆ ಪ್ರತ್ಯಕ್ಷ ಪ್ರಮಾಣವೆಂದು ಸ್ವೀಕರಿಸತಕ್ಕದ್ದು.

ವಿಷಯ

ಕ್ಷೇತ್ರ: ಉತ್ತರ ಕನ್ನಡ ಜಿಲ್ಲೆ, ಮುಂಡಗೋಡ ತಾಲ್ಲೂಕು, ಅತ್ತಿವೇರಿ. ಒಂದು ಜಲಾಶಯ, ಅದನ್ನು ಸುತ್ತುವರಿದು 2.23 ಚದರ ಕಿಲೋಮೀಟರಿನ ಪಕ್ಷಿಧಾಮ, ಆಚೆಗೆ ಭತ್ತ, ಗೋವಿನಜೋಳ, ಹತ್ತಿ. ಮಾತು ಧಾರವಾಡದ್ದು, ಜಿಲ್ಲಾಧಿಕಾರಿ ಕಾರವಾರದವರು. ಒಂದು ಸಹಿಗಾಗಿ ಘಟ್ಟ ಇಳಿದು ಹತ್ತುವ ಬಸ್ಸಿನಲ್ಲಿ ಬೀಳುವ ನಿದ್ರೆಗೆ ಪ್ರತ್ಯೇಕ ಸಂಪುಟವೇ ಬೇಕಾದೀತು. ಅದು ಈ ಅಧಿಕರಣದ ವ್ಯಾಪ್ತಿಗೆ ಬರುವುದಿಲ್ಲ.

ದ್ರವ್ಯ: ಕ್ಯಾನಬಿಡಿಯಾಲ್, ಲೋಕದಲ್ಲಿ ಸಿಬಿಡಿ ಎಂದು ಪ್ರಸಿದ್ಧ. ಭಂಗಿ ಗಿಡದಲ್ಲಿ ಹುಟ್ಟಿದ್ದು. 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಅದನ್ನು ಬೇರ್ಪಡಿಸಿದರು, 1963ರಲ್ಲಿ ಇಸ್ರೇಲಿನ ರಫಾಯಲ್ ಮೆಶೂಲಮ್ ಅದರ ರಚನೆಯನ್ನು ಬಿಡಿಸಿಟ್ಟರು. ಅದೇ ಗಿಡದ ಟಿಎಚ್‌ಸಿ ಅದರ ಒಡಹುಟ್ಟು. ಎರಡಕ್ಕೂ ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಬೇರೆ. ತಲೆ ತಿರುಗಿಸುವ ಖ್ಯಾತಿಯೆಲ್ಲ ಟಿಎಚ್‌ಸಿಯ ಪಾಲಾಯಿತು. ಸಿಬಿಡಿಗೆ ಉಳಿದದ್ದು ಸಭ್ಯಸ್ಥನ ಹೆಸರು. ಸಭ್ಯಸ್ಥರನ್ನು ಕಂಡರೆ ನಿದ್ದೆ ಬರುತ್ತದೆ ಎಂಬ ಲೋಕಾನುಭವದಿಂದಲೇ ಅದನ್ನು ನಿದ್ದೆಯ ಎಣ್ಣೆಯಾಗಿ ಮಾರಲು ಹೊರಟಿರಬೇಕೆಂದು ನಮ್ಮ ಊಹೆ.

ಸಂಶಯ

ಈ ತೈಲ ನಿದ್ದೆ ತರುತ್ತದೆಯೋ, ಕೆಡಿಸುತ್ತದೆಯೋ, ಸುಮ್ಮನಿರುತ್ತದೆಯೋ? ಮೂರಕ್ಕೂ ಶ್ರುತಿಪ್ರಮಾಣವಿದೆ, ತೊಂದರೆ ಇರುವುದೇ ಅಲ್ಲಿ.

1981ರಲ್ಲಿ ಬ್ರೆಜಿಲಿನ ಕಾರ್ಲಿನಿ ಮತ್ತು ಕುನ್ಯಾ ನಿದ್ದೆ ಬಾರದ 15 ಜನರಿಗೆ ಇದನ್ನು ಕೊಟ್ಟು ನೋಡಿದರು. 160 ಮಿಲಿಗ್ರಾಂ ನುಂಗಿದ ರಾತ್ರಿ ಹೆಚ್ಚು ಹೊತ್ತು ಮಲಗಿದೆವು, ಕನಸು ಅಷ್ಟಾಗಿ ನೆನಪಿಲ್ಲ ಎಂದು ಅವರು ಹೇಳಿದರು. ಇದು ತರುತ್ತದೆ ಎಂಬ ಶ್ರುತಿ. 2004ರಲ್ಲಿ ನಿಕಲ್ಸನ್ ಮತ್ತು ಸಂಗಡಿಗರು 8 ಮಂದಿ ಆರೋಗ್ಯವಂತರನ್ನು ಮಲಗಿಸಿ ತಲೆಗೆ ತಂತಿ ಅಂಟಿಸಿದರು. ಟಿಎಚ್‌ಸಿ 15 ಮಿಲಿಗ್ರಾಂ ಮರುದಿನ ಬೆಳಿಗ್ಗೆಯೂ ಮಂಪರು ಉಳಿಸಿತು. ಅದರ ಜೊತೆಗೆ ಸೇರಿಸಿದ 15 ಮಿಲಿಗ್ರಾಂ ಸಿಬಿಡಿ ಎಚ್ಚರಿಸುವ ಗುಣವನ್ನೇ ತೋರಿಸಿತು. ಇದು ಕೆಡಿಸುತ್ತದೆ ಎಂಬ ಶ್ರುತಿ. 2018ರಲ್ಲಿ ಮತ್ತೆ ಬ್ರೆಜಿಲಿನಲ್ಲೇ 27 ಮಂದಿ ಆರೋಗ್ಯವಂತರಿಗೆ 300 ಮಿಲಿಗ್ರಾಂ ಕೊಟ್ಟು ರಾತ್ರಿಯಿಡೀ ಅಳೆದರು. ನಿದ್ದೆ ಇದ್ದಂತೆಯೇ ಇತ್ತು. ಇದು ಮೂರನೆಯದು; ಇಂಥ ಫಲಿತಾಂಶದಿಂದ ಯಾವ ಅಂಗಡಿಯವನಿಗೂ ಲಾಭವಿಲ್ಲದ್ದರಿಂದ ಯಾವ ಸೀಸೆಯ ಮೇಲೂ ಅಚ್ಚಾಗುವುದಿಲ್ಲ.

ಸೀಸೆಯವರಿಗೆ ಪ್ರಿಯವಾದದ್ದು 2019ರ ಕೊಲರಾಡೊ ಚಿಕಿತ್ಸಾಲಯದ ವರದಿ. ಆತಂಕ ಅಥವಾ ನಿದ್ರಾಹೀನತೆಯ 72 ರೋಗಿಗಳು, ಬಹುತೇಕರಿಗೆ ದಿನಕ್ಕೆ 25 ಮಿಲಿಗ್ರಾಂ. ಮೊದಲ ತಿಂಗಳಲ್ಲಿ ಶೇ. 66.7 ಜನರ ನಿದ್ದೆಯ ಅಂಕ ಸುಧಾರಿಸಿತು. ಮುಂದಿನ ತಿಂಗಳುಗಳಲ್ಲಿ ಅದು ಏರಿಳಿಯಿತು ಎಂಬ ವಾಕ್ಯವೂ ಅದೇ ವರದಿಯಲ್ಲಿದೆ. ಹೋಲಿಸಿ ನೋಡಲು ಬರೀ ಎಣ್ಣೆ ಕುಡಿದ ಗುಂಪು ಅಲ್ಲಿ ಇರಲೇ ಇಲ್ಲ. ಈ ಎರಡೂ ವಾಕ್ಯಗಳು ಅಂಗಡಿಯ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿವೆ.

ಶ್ರುತಿಗೂ ಶ್ರುತಿಗೂ ವಿರೋಧ ಬಂದರೆ ವಿಕಲ್ಪ ಎಂದು ಶಾಸ್ತ್ರ: ಇಷ್ಟವಿದ್ದದ್ದನ್ನು ಹಿಡಿ. ಆದರೆ ವಿಕಲ್ಪಕ್ಕೆ ಎಂಟು ದೋಷಗಳಿವೆಯೆಂದು ಅದೇ ಶಾಸ್ತ್ರ ಬೈಯುತ್ತದೆ. ಆದ್ದರಿಂದ ನಾವು ವ್ಯವಸ್ಥಿತ ವಿಕಲ್ಪವನ್ನು ಆಶ್ರಯಿಸುತ್ತೇವೆ: ಯಾರಿಗೆ, ಎಷ್ಟು, ಯಾವುದರ ಜೊತೆಗೆ?

ಪೂರ್ವಪಕ್ಷ

ಪೂರ್ವಪಕ್ಷಿ ಹುಬ್ಬಳ್ಳಿಯಿಂದ ಹಕ್ಕಿ ನೋಡಲು ಬಂದವನು. ಕೊರಳಲ್ಲಿ ದುರ್ಬೀನು, ಕಿಸೆಯಲ್ಲಿ ಸೀಸೆ. ಅವನ ವಾದ ಹೀಗಿದೆ: “ಸಿಬಿಡಿಯಿಂದ ತೂಕಡಿಕೆ ಬರುತ್ತದೆಂದು ಅಮೆರಿಕದ ಸರ್ಕಾರವೇ ಒಪ್ಪಿದೆ. ಆದ್ದರಿಂದ ಇದು ನಿದ್ದೆಗೆ ಔಷಧ.”

ಒಪ್ಪಿದ್ದು ನಿಜ. ಎಪಿಡಿಯೋಲೆಕ್ಸ್ ಎಂಬ ಸಿಬಿಡಿ ದ್ರಾವಣಕ್ಕೆ 2018ರ ಜೂನ್‌ನಲ್ಲಿ ಅಲ್ಲಿ ಪರವಾನಗಿ ಸಿಕ್ಕಿತು. ಅದು ಸಿಕ್ಕಿದ್ದು ಲೆನಾಕ್ಸ್-ಗ್ಯಾಸ್ಟೊ ಮತ್ತು ಡ್ರಾವೆ ಎಂಬ, ಮಕ್ಕಳನ್ನು ಕಾಡುವ ಉಗ್ರ ಮೂರ್ಛೆರೋಗಗಳಿಗೆ. ತೂಕಡಿಕೆ ಅಲ್ಲಿ ಫಲದ ಪಟ್ಟಿಯಲ್ಲಿಲ್ಲ, ಅಡ್ಡಪರಿಣಾಮದ ಪಟ್ಟಿಯಲ್ಲಿದೆ: ಔಷಧ ಪಡೆದವರಲ್ಲಿ ಶೇ. 32, ಹುಸಿಮದ್ದು ಪಡೆದವರಲ್ಲಿ ಶೇ. 11. ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 20 ಮಿಲಿಗ್ರಾಂವರೆಗೆ. ಅರವತ್ತು ಕಿಲೋದ ಪೂರ್ವಪಕ್ಷಿಗೆ ಈ ಲೆಕ್ಕ ಹಿಡಿದರೆ 1200 ಮಿಲಿಗ್ರಾಂ ಆಗುತ್ತದೆ. 25 ಮಿಲಿಗ್ರಾಂ ಬಿಡುವವನು ಅದರ ನಲವತ್ತೆಂಟನೆಯ ಒಂದು ಪಾಲನ್ನು ನಾಲಗೆಯ ಕೆಳಗಿಟ್ಟುಕೊಂಡು ಕಣ್ಣು ಮುಚ್ಚಿ ಕಾಯುತ್ತಿದ್ದಾನೆ. ಹಾಗೆ ಕಣ್ಣು ಮುಚ್ಚಿ ಕಾದರೆ ಎಣ್ಣೆಯಿಲ್ಲದೆಯೂ ನಿದ್ದೆ ಬರುತ್ತದೆ.

ಇನ್ನೂ ಒಂದು ಗುಟ್ಟಿದೆ. ಆ ತೂಕಡಿಕೆಯಲ್ಲಿ ದೊಡ್ಡ ಪಾಲು ಕ್ಲೋಬಜಾಮ್ ಎಂಬ ಇನ್ನೊಂದು ಮೂರ್ಛೆಮಾತ್ರೆಯನ್ನೂ ನುಂಗುತ್ತಿದ್ದವರದು: ಅವರಲ್ಲಿ ಶೇ. 46, ಮಿಕ್ಕವರಲ್ಲಿ ಶೇ. 16. ಕ್ಲೋಬಜಾಮ್ ಮೈಯಲ್ಲಿ ಒಡೆದು ಹುಟ್ಟುವ ವಸ್ತುವನ್ನು ಯಕೃತ್ತು ಹೊರಹಾಕದಂತೆ ಸಿಬಿಡಿ ತಡೆಯುತ್ತದೆ, ಅದು ರಕ್ತದಲ್ಲಿ ಗುಡ್ಡೆಯಾಗುತ್ತದೆ, ಮಗು ತೂಕಡಿಸುತ್ತದೆ. (ಮೂರ್ಛೆ, ಆತಂಕ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇಂಥ ಎಣ್ಣೆಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಈ ಆವರಣದೊಳಗಿನದು ಮಾತ್ರ ಅಣಕವಲ್ಲ.)

ಪೂರ್ವಪಕ್ಷಿ ಸುಲಭಕ್ಕೆ ಸೋಲುವವನಲ್ಲ. “ನನಗೆ ಬರುತ್ತದಲ್ಲ?” ಎಂದ. ಯಾವಾಗ ತೆಗೆದುಕೊಳ್ಳುತ್ತೀರಿ ಎಂದೆವು. ಊಟವಾದ ಮೇಲೆ. ಏನು ಊಟ? ರೊಟ್ಟಿ, ಎಣ್ಣೆಗಾಯಿ, ಮೇಲೆ ಅನ್ನಕ್ಕೆ ತುಪ್ಪ. ಇಲ್ಲಿಗೆ ಶಾಸ್ತ್ರ ಗಹನವಾಗುತ್ತದೆ. ಬಾಯಿಯಿಂದ ನುಂಗಿದ ಸಿಬಿಡಿ ರಕ್ತಕ್ಕೆ ಸೇರುವುದು ನೂರಕ್ಕೆ ಸುಮಾರು ಆರು ಪಾಲು. ಜಿಡ್ಡಿನ ಊಟದ ಜೊತೆಗಾದರೆ ಅದು ನಾಲ್ಕೈದು ಪಟ್ಟು ಏರುತ್ತದೆ. ಅಂದರೆ ಎಣ್ಣೆಯನ್ನು ಮೈಗೆ ಸೇರಿಸಿದ್ದು ತುಪ್ಪ. ತುಪ್ಪವನ್ನು ಹೊಟ್ಟೆಗೆ ಸೇರಿಸಿದ್ದು ಅನ್ನ. ಅನ್ನವನ್ನು ಇಳಿಸಿದ್ದು ಮಧ್ಯಾಹ್ನ. ಮಧ್ಯಾಹ್ನಕ್ಕೋ, ಊಟವನ್ನೇ ಮಾಡದಿದ್ದರೂ ಎಚ್ಚರದ ಮಟ್ಟವನ್ನು ಒಂದಿಷ್ಟು ತಗ್ಗಿಸುವ ದೇಹಗಡಿಯಾರದ ಅಭ್ಯಾಸವಿದೆ. ಈ ನಾಲ್ವರು ಆರೋಪಿಗಳಲ್ಲಿ ನಿದ್ದೆಯನ್ನು ತಂದವರು ಯಾರು ಎಂಬುದನ್ನು ತೀರ್ಮಾನಿಸುವ ಮೊದಲೇ ಪೂರ್ವಪಕ್ಷಿ ಹಕ್ಕಿ ನೋಡುವ ಗೋಪುರದ ಮೆಟ್ಟಿಲ ಮೇಲೆ ಒರಗಿದ್ದರಿಂದ ವಾದ ಏಕಪಕ್ಷೀಯವಾಗಿ ಮುಂದುವರಿಯಿತು.

ಅವನು ಮಲಗಿದ್ದಾಗ ಸೀಸೆಯ ಮೇಲಿನ ಅಕ್ಷರಗಳನ್ನು ಓದಿಕೊಂಡೆವು. ಅವನ್ನು ಎಷ್ಟು ನಂಬಬಹುದು? ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ಮಾರುತ್ತಿದ್ದ 84 ಬಗೆಯ ಸಿಬಿಡಿ ಸಾಮಾನುಗಳನ್ನು ತರಿಸಿ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಬಂತು. ಸೀಸೆಯ ಮೇಲೆ ಬರೆದಷ್ಟೇ ಒಳಗಿದ್ದದ್ದು 26ರಲ್ಲಿ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಸಭ್ಯಸ್ಥನ ಚೀಟಿ ಹಚ್ಚಿಕೊಂಡು ಒಡಹುಟ್ಟು ಬಂದು ಕೂತಿದ್ದರೆ ಬಂದ ನಿದ್ದೆ ಯಾರದು?

ನಮ್ಮ ದೇಶದ ಸ್ಥಿತಿ ಇದಕ್ಕಿಂತ ಸೂಕ್ಷ್ಮ. 1985ರ ಮಾದಕವಸ್ತು ಕಾಯ್ದೆ ಹೂ-ಕಾಯಿಯ ತುದಿಯನ್ನು ಗಾಂಜಾ ಎನ್ನುತ್ತದೆ, ತುದಿಯಿಲ್ಲದ ಬರೀ ಎಲೆಯನ್ನು ಬಿಟ್ಟುಬಿಡುತ್ತದೆ. ಆ ಎಲೆಯ ಭಂಗಿ ಕಾಯ್ದೆಯೊಳಗೆ ಬರುವುದಿಲ್ಲವೆಂದು 2022ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಜಾಮೀನು ಆದೇಶದಲ್ಲಿ ಹೇಳಿತು. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. ವೈದ್ಯರ ಮೇಲ್ವಿಚಾರಣೆಯಲ್ಲೇ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಅಂದರೆ ಒಂದೇ ಗಿಡದ ಕೆಳಗಿನ ಎಲೆ ಔಷಧ, ಮೇಲಿನ ತುದಿ ಅಪರಾಧ. ಗಿಡಕ್ಕೆ ಇದು ತಿಳಿದಂತೆ ಕಾಣುವುದಿಲ್ಲ. 1893-94ರಲ್ಲಿ ಬ್ರಿಟಿಷರು ಇದೇ ಗಿಡದ ವಿಚಾರಣೆಗೆ ಆಯೋಗ ನೇಮಿಸಿ 1193 ಸಾಕ್ಷಿಗಳನ್ನು ಕೇಳಿದ್ದರು. ಮಿತವಾಗಿ ಬಳಸಿದರೆ ಹಾನಿ ಇಲ್ಲವೆನ್ನುವಷ್ಟು ಕಡಿಮೆ ಎಂದು ಆಯೋಗ ಬರೆಯಿತು. ಸಾಕ್ಷಿಗಳಲ್ಲಿ ಹಕ್ಕಿಗಳಿರಲಿಲ್ಲ. ಆ ಕೊರತೆಯನ್ನು ಈ ಗ್ರಂಥ ತುಂಬುತ್ತದೆ.

ಕ್ಷೇತ್ರಕಾರ್ಯ

ತೂಕಡಿಕೆಯನ್ನು ಅಳೆಯಲು ಮೆಲ್ಬೋರ್ನಿನ ಮರ್ರೆ ಜಾನ್ಸ್ 1991ರಲ್ಲಿ ಎಪ್‌ವರ್ತ್ ಮಾಪಕವನ್ನು ರಚಿಸಿದರು. ಎಂಟು ಸನ್ನಿವೇಶ, ಪ್ರತಿಯೊಂದರಲ್ಲೂ ಜೋಂಪು ಹತ್ತುವ ಸಂಭವಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿದರೆ ಹಗಲಿನ ತೂಕಡಿಕೆ ಅತಿಯಾಯಿತೆಂದು ಅರ್ಥ. ಮಾಪಕವನ್ನು ಅತ್ತಿವೇರಿಯ ಏರಿಯ ಮೇಲೆ ಎಮ್ಮೆ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರ ಮುಂದಿಟ್ಟೆವು.

“ಕಾಕಾ, ಕೂತು ಓದುವಾಗ ಜೋಂಪು ಹತ್ತತೈತೇನ್ರಿ?”

“ಓದಾಕ ಕನ್ನಡಕ ಬೇಕಲ್ರೀ. ಅದು ಮನ್ಯಾಗೈತಿ.”

“ಗಾಡಿಯೊಳಗ ಒಂದ್ ತಾಸು ಕುಂತು ಹೋಗೂ ಮುಂದ?”

“ಕುಂತು ಹೋಗಾಕ ಜಾಗಾ ಯಾರ್ ಕೊಡ್ತಾರ? ಹುಬ್ಬಳ್ಳಿ ತನಕ ನಿಂತಕೊಂಡ ಮಲಗತೇನಿ. ಅದಕ್ಕೆಷ್ಟ ಮಾರ್ಕ್ಸ್?”

ಮಾಪಕದಲ್ಲಿ ನಿಂತು ಮಲಗುವವರಿಗೆ ಅಂಕವಿಲ್ಲ. ಇದು ಮೆಲ್ಬೋರ್ನಿನ ಬಸ್ಸುಗಳ ದೋಷವೇ ಹೊರತು ಕಾಕಾನದಲ್ಲ.

“ಊಟ ಆದಮ್ಯಾಲೆ, ಕುಡಿಯದ, ಸುಮ್ಮನ ಕುಂತಾಗ?”

ಕಾಕಾ ‘ಕುಡಿಯದ’ ಎಂಬ ಶಬ್ದವನ್ನು ಸ್ವಲ್ಪ ಹೊತ್ತು ತೂಗಿ ನೋಡಿ, ಎಮ್ಮೆಯ ಕಡೆ ಮುಖ ತಿರುಗಿಸಿದರು.

“ಮಧ್ಯಾಹ್ನ ಅಡ್ಡಾದಾಗ?”

“ಅಡ್ಡಾಗೂದ ಅದಕ್ಕ ಅಲ್ರೀ?”

ಕೂಡಿಸಿ ನೋಡಿದರೆ ಮಾಪಕ ತುಂಬಿ ಕೋಡಿ ಹರಿಯುತ್ತಿತ್ತು. ಸಿಬಿಡಿಯ ಹನಿಯೊಂದೂ ಕಾಕಾನ ನಾಲಗೆಗೆ ಬಿದ್ದಿರಲಿಲ್ಲ. ಹಾಗಾದರೆ ಕಾರಣ? ರಾತ್ರಿ ನಿದ್ದೆ ಹೇಗೆ ಎಂದು ಕೇಳಿದೆವು.

“ರಾತ್ರಿ ಆನಿ ರೀ.”

ಇಡೀ ಮೀಮಾಂಸೆ ಈ ಮೂರು ಮಾತುಗಳಲ್ಲಿ ಕಾಲುಮುರಿದು ಬಿದ್ದಿತು. ಭತ್ತ ತೆನೆಗಟ್ಟುವ ಹೊತ್ತಿಗೆ ದಾಂಡೇಲಿ ಕಡೆಯ ಕಾಡಿನಿಂದ ಆನೆಗಳು ಯಲ್ಲಾಪುರ, ಮುಂಡಗೋಡದ ಹೊಲಗದ್ದೆಗಳಿಗೆ ಇಳಿಯುತ್ತವೆ. ಆನೆ ಬಾರದ ರಾತ್ರಿ ಗೋವಿನಜೋಳಕ್ಕೆ ಹಂದಿ. ಹಂದಿಯೂ ಬಾರದ ರಾತ್ರಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುತ್ತದೆ, ಎದ್ದು ಹೋಗಿ ನೀರು ತಿರುಗಿಸಬೇಕು. ಹೊಲ ಕಾಯಲು ಮಾಳದ ಮೇಲೆ ಕೂತವನು ಡಬ್ಬಿ ಬಡಿಯುತ್ತಾನೆ, ಪಟಾಕಿ ಹಚ್ಚುತ್ತಾನೆ, ಎರಡು ಸದ್ದುಗಳ ನಡುವೆ ಅರೆಗಣ್ಣು ಮುಚ್ಚುತ್ತಾನೆ.

ಆ ಅರೆಗಣ್ಣಿನ ಶಾಸ್ತ್ರವನ್ನು ಕೆರೆಯ ನೀರಿನಲ್ಲೇ ನೋಡಬಹುದು. ಬಾತುಗಳು ಮಿದುಳಿನ ಅರ್ಧವನ್ನು ಮಲಗಿಸಿ ಅರ್ಧವನ್ನು ಎಚ್ಚರವಿಡಬಲ್ಲವು. 1999ರಲ್ಲಿ ಇಂಡಿಯಾನಾದ ಸಂಶೋಧಕರು ಬಾತುಗಳನ್ನು ಸಾಲಾಗಿ ಮಲಗಿಸಿ ನೋಡಿದಾಗ, ಸಾಲಿನ ತುದಿಯವು ನಡುವಿನವಕ್ಕಿಂತ ಹೆಚ್ಚು ಹೊತ್ತು ಒಂದು ಕಣ್ಣು ತೆರೆದಿದ್ದವು, ಅದೂ ಹೊರಗಡೆಯ ಕಣ್ಣು. ಅತ್ತಿವೇರಿಯ ಸುತ್ತ ಕಾಡಂಚಿನ ಹೊಲದವನು ತುದಿಯ ಬಾತು. ಊರೊಳಗಿನ ಮನೆಯವನು ನಡುವಿನದು. ವ್ಯತ್ಯಾಸ ಒಂದೇ. ಮನುಷ್ಯನಿಗೆ ಮಿದುಳನ್ನು ಎರಡು ಪಾಲು ಮಾಡಿ ಪಾಳಿ ಹಾಕುವ ವಿದ್ಯೆ ಇಲ್ಲ. ಅವನ ರಾತ್ರಿಯ ಬಾಕಿಯೆಲ್ಲ ಹಗಲಿಗೆ ವರ್ಗವಾಗುತ್ತದೆ: ಗ್ರಾಮಸಭೆಯಲ್ಲಿ, ಸೊಸೈಟಿಯ ಸಾಲಿನಲ್ಲಿ, ಹುಬ್ಬಳ್ಳಿ ಬಸ್ಸಿನ ಕಂಬಿಗೆ ಜೋತುಬಿದ್ದು.

ಬಾಕಿಗೆ ಲೆಕ್ಕಪುಸ್ತಕವೂ ಇದೆ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ, ಕೂಡಿದಷ್ಟೂ ಕಣ್ಣು ಎಳೆಯುತ್ತದೆ. ಸಿಬಿಡಿ ಈ ಅಡಿನೋಸಿನ್ನನ್ನು ಜೀವಕೋಶ ಹೀರಿಕೊಳ್ಳದಂತೆ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಚಹಾದ ಕೆಫೀನು ಅಡಿನೋಸಿನ್ ಕೂರುವ ಜಾಗವನ್ನೇ ಆಕ್ರಮಿಸುತ್ತದೆ. ಮಾಳದಿಂದ ಇಳಿದವನು ಬೆಳಿಗ್ಗೆ ಒಂದರ ಮೇಲೊಂದು ಚಹಾ ಕುಡಿಯುವವನಾದ್ದರಿಂದ, ಅವನಿಗೆ ಸಿಬಿಡಿಯನ್ನೂ ಕೊಟ್ಟರೆ ಎರಡೂ ಕಕ್ಷಿಗಳು ಒಂದೇ ತಲೆಯಲ್ಲಿ ದಾವೆ ಹೂಡಿದಂತಾಗಿ ತೀರ್ಪು ಬರುವಷ್ಟರಲ್ಲಿ ಮತ್ತೆ ರಾತ್ರಿಯಾಗುತ್ತದೆ.

ಸಿದ್ಧಾಂತ

ನಿದ್ದೆ ಮಾಡಲು ರಾತ್ರಿಯಿದ್ದವನಿಗೆ ಎಣ್ಣೆ ಮಾರುತ್ತಾರೆ. ರಾತ್ರಿಯೇ ಇಲ್ಲದವನಿಗೆ ಎಣ್ಣೆಯಿಂದ ಆಗಬೇಕಾದ್ದು ಏನೂ ಇಲ್ಲ. ಮಾಳದ ಮೇಲೆ ಗಾಢನಿದ್ದೆ ಬಂದರೆ ನಷ್ಟ ಭತ್ತದ್ದು, ದುರದೃಷ್ಟವಿದ್ದರೆ ಜೀವದ್ದು. ಹಗಲಿನಲ್ಲಿ ಮಲಗುವುದು ಬೇಸಿಗೆಯೊಂದನ್ನು ಬಿಟ್ಟರೆ ಕಫಪಿತ್ತವನ್ನು ಕೆರಳಿಸುತ್ತದೆಂದು ಚರಕ ಸಂಹಿತೆ ಹೇಳುತ್ತದೆ, ಆದರೆ ರಾತ್ರಿ ಜಾಗರಣೆಯಿಂದ ಬಳಲಿದವರಿಗೆ ವಿನಾಯಿತಿಯನ್ನೂ ಕೊಡುತ್ತದೆ. ಚರಕರ ಕಾಲದಲ್ಲಿಯೂ ಯಾರೋ ಹೊಲ ಕಾಯುತ್ತಿದ್ದರೆಂದು ಇದರಿಂದ ಸಿದ್ಧ.

ಸಂಗತಿ, ಅಥವಾ ಅನುದಾನಕ್ಕೆ ಮನವಿ

ಇಷ್ಟರಿಂದ ತೃಪ್ತರಾಗದೆ ಶುದ್ಧ ವೈಜ್ಞಾನಿಕ ಪ್ರಯೋಗವೊಂದನ್ನು ಪ್ರಸ್ತಾಪಿಸುತ್ತೇವೆ. ಮೂರು ಗುಂಪು. ಮೊದಲನೆಯದಕ್ಕೆ ಸಿಬಿಡಿ ಎಣ್ಣೆ. ಎರಡನೆಯದಕ್ಕೆ ಅದೇ ಬಣ್ಣದ ಕೊಬ್ಬರಿ ಎಣ್ಣೆ. ಮೂರನೆಯದಕ್ಕೆ ಎಣ್ಣೆಯಿಲ್ಲ, ಸುಗ್ಗಿ ಮುಗಿಯುವ ತನಕ ಅವರ ಹೊಲಕ್ಕೆ ಆನೆ ಬಾರದಂತೆ, ಪಂಪಿಗೆ ಹಗಲಿನಲ್ಲೇ ಕರೆಂಟು ಬರುವಂತೆ ಏರ್ಪಾಡು. ಪ್ರಯೋಗ ಇಬ್ಬದಿಯ ಕುರುಡಾಗಿರಬೇಕೆಂಬ ನಿಯಮವಿದೆ: ತಾನು ಯಾವ ಗುಂಪಿನಲ್ಲಿದ್ದೇನೆಂದು ರೈತನಿಗೂ ತಿಳಿಯಬಾರದು, ಆನೆಗೂ ತಿಳಿಯಬಾರದು. ಹುಸಿಮದ್ದು ಇರುವಂತೆ ಹುಸಿ ಆನೆ ಸಿಗುವುದೇ ಎಂಬ ಪ್ರಶ್ನೆಯ ಮೇಲೆ ನೀತಿಸಮಿತಿ ಇನ್ನೂ ಕೂತಿದೆ, ಊಟದ ನಂತರದ ಅಧಿವೇಶನದಲ್ಲಿ.

ಹೆಸರು ನೋಂದಣಿ ಮಾತ್ರ ಶುರುವಾಗಿದೆ. ಮೂರನೆಯ ಗುಂಪಿನ ಸಾಲು ಪಕ್ಷಿಧಾಮದ ಗೇಟು ದಾಟಿ ಡಾಂಬರು ರಸ್ತೆಗೆ ಬಂದಿದೆ. ಎಣ್ಣೆಯ ಗುಂಪಿನಲ್ಲಿ ಪೂರ್ವಪಕ್ಷಿಯೊಬ್ಬನದೇ ಹೆಸರಿದೆ. ಜಾಗ ಬೇಕಾದಷ್ಟು ಖಾಲಿ ಇದೆ.