ಕಾರಿಗೆ ಮನೆ ಹುಡುಕುವವನು

ಸಿ.ವಿ. ರಾಮನ್ ನಗರದ ಬಾಡಿಗೆದಾರರಲ್ಲಿ ಎರಡು ಬಗೆ: ತನಗೆ ಮನೆ ಹುಡುಕುವವನು ಮತ್ತು ಕಾರಿಗೆ ಮನೆ ಹುಡುಕುವವನು. ಮೊದಲನೆಯವನ ಕೆಲಸ ಒಂದು ಶನಿವಾರ, ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಎರಡನೆಯವನದು ತಿಂಗಳುಗಟ್ಟಲೆ ನಡೆಯುವ ವ್ರತ. ಹೆಂಡತಿ ಮೇಲೆ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿರುವಾಗ ಇವನು ಕೆಳಗೆ ಎರಡು ಕಂಬಗಳ ನಡುವೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹೆಜ್ಜೆ ಅಳೆಯುತ್ತಿರುತ್ತಾನೆ.

ಇವನು ಹೆಚ್ಚಾಗಿ ಕಾಣಸಿಗುವುದು ಬಾಗ್ಮನೆ ಟೆಕ್ ಪಾರ್ಕ್ ಮತ್ತು ಡಿಆರ್‌ಡಿಒ ಪ್ರಯೋಗಾಲಯಗಳ ಆಸುಪಾಸಿನ ಕಗ್ಗದಾಸಪುರ, ನಾಗವಾರಪಾಳ್ಯ, ಮಲ್ಲೇಶಪಾಳ್ಯ, ಜಿ.ಎಂ. ಪಾಳ್ಯಗಳಲ್ಲಿ. ಇಲ್ಲಿನ ಲೆಕ್ಕ ಸರಳ. ಮೂವತ್ತು-ನಲವತ್ತರ ಸೈಟು ಎಂದರೆ 1,200 ಚದರಡಿ. ಅದರ ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡರಂತೆ ಎಂಟು ಮನೆ. ನೆಲದಲ್ಲಿ ಮೆಟ್ಟಿಲು, ಮೋಟರು, ಮೀಟರ್ ಬೋರ್ಡು, ಮುಚ್ಚಳ ಮುಟ್ಟಬಾರದ ಸಂಪು. ಉಳಿದಲ್ಲಿ ಮೂರು ಕಾರು ಹಿಡಿಯುತ್ತವೆ. ಒಂದು ಓನರ್‌ದು. ಇನ್ನೊಂದು ಅಮೆರಿಕದಲ್ಲಿರುವ ಮಗನದು. ಅದು ವರ್ಷವಿಡೀ ಕವರ್ ಹೊದ್ದು ಮಲಗಿರುತ್ತದೆ. ಮೂರನೆಯ ಜಾಗವನ್ನು ನಂಬಿಕೊಂಡು ಎಂಟೂ ಮನೆಗಳ ಟು-ಲೆಟ್ ಬೋರ್ಡಿನಲ್ಲಿ ‘ಕಾರ್ ಪಾರ್ಕಿಂಗ್ ಇದೆ’ ಎಂದು ಬರೆದಿರುತ್ತದೆ.

ಹುಡುಕಾಟಕ್ಕಿಳಿದವನು ಮೊದಲು ಕಲಿಯಬೇಕಾದದ್ದು ಬ್ರೋಕರ್‌ಗಳ ಭಾಷೆ. “ಪಾರ್ಕಿಂಗ್ ಇದೆ ಸಾರ್” ಎಂದರೆ ಸ್ಕೂಟರಿಗೆ ಇದೆ. “ಅಡ್ಜಸ್ಟ್ ಮಾಡ್ಕೋಬಹುದು” ಎಂದರೆ ಓನರ್ ಕಾರಿನ ಹಿಂದೆ ನಿಲ್ಲಿಸಿ, ಕೀಲಿಯನ್ನು ಅವರ ಮನೆಯ ಮೊಳೆಗೆ ನೇತುಹಾಕಬೇಕು. “ಇಲ್ಲೆಲ್ಲ ರೋಡಲ್ಲೇ ಹಾಕ್ತಾರೆ, ಏನೂ ಆಗಲ್ಲ” ಎಂದರೆ ಇಲ್ಲ. ರಸ್ತೆಯ ಅಂಚನ್ನಾದರೂ ನಂಬೋಣವೆಂದರೆ ಪ್ರತಿ ಗೇಟಿನ ಮುಂದೆ ಹೂಕುಂಡ, ಸೈಜುಗಲ್ಲು, ‘ಇಲ್ಲಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬ ಫಲಕ.

ನಂತರದ್ದು ಓನರ್ ಜೊತೆ ಸಂದರ್ಶನ. ಬೇರೆಯವರಿಗೆ “ಏನು ಕೆಲಸ, ವೆಜ್ಜಾ, ಎಷ್ಟು ಜನ?” ಎಂಬ ಪ್ರಶ್ನೆಗಳಾದರೆ ಇವನಿಗೆ ಇನ್ನೊಂದು ಹೆಚ್ಚು: “ಯಾವ ಗಾಡಿ?” ನಾಲ್ಕು ಮೀಟರ್ ಮೀರದ, ಸಣ್ಣ ಎಂಜಿನ್ನಿನ ಕಾರಿಗೆ ಸರ್ಕಾರ ತೆರಿಗೆ ಕಡಿಮೆ ಮಾಡಿದೆ. ಓನರೂ ಅದೇ ಗೆರೆ ಎಳೆಯುತ್ತಾರೆ, ಏಕೆಂದರೆ ಐದನೆಯ ಮೀಟರಿನಲ್ಲಿ ಆಂಟಿ ರಂಗೋಲಿ ಹಾಕುತ್ತಾರೆ. ಇನೋವಾ ಎಂದವನಿಗೆ ಕಾಫಿಯೂ ಬರುವುದಿಲ್ಲ.

ಒಪ್ಪಿಗೆಯಾದರೆ ಹಣದ ಮಾತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಬೆಂಗಳೂರಿನ ಹಳೆಯ ವಾಡಿಕೆ ಹತ್ತು ತಿಂಗಳದು. ಮಾದರಿಯನ್ನು ಓನರ್ ಗೌರವಿಸುತ್ತಾರೆ, ವಾಡಿಕೆಯನ್ನು ಪಾಲಿಸುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಆಗಬೇಕಾದ್ದರಿಂದ ಕರಾರು ಹನ್ನೊಂದು ತಿಂಗಳಿಗೆ. ಕಾರಿಗೆ ಅದರಲ್ಲಿ ಸಿಗುವುದು ಒಂದೇ ಸಾಲು: ವಾಹನದ ಜವಾಬ್ದಾರಿ ಬಾಡಿಗೆದಾರರದೇ.

ಗೃಹಪ್ರವೇಶ ಕಾರಿನದು. ಗೇಟಿನಲ್ಲಿ ಓನರ್ ನಿಂತು “ಬನ್ನಿ, ಬನ್ನಿ, ಲೆಫ್ಟ್ ಹೊಡೀರಿ, ಬನ್ನಿ” ಎನ್ನುತ್ತಾರೆ. ಕಂಬ ತಾಗಿದ ಮೇಲೆ “ಸಾಕು” ಎನ್ನುತ್ತಾರೆ. ದ್ರವದೊಳಗೆ ಹಾಯುವ ಬೆಳಕು ಚದುರುವಾಗ ಅದರಲ್ಲಿ ಒಂದಿಷ್ಟು ಬಣ್ಣ ಬದಲಿಸುವುದನ್ನು 1928ರಲ್ಲಿ ಕಂಡ ವಿಜ್ಞಾನಿಯ ಹೆಸರು ಈ ಬಡಾವಣೆಗಿದೆ. ಕಂಬಗಳ ನಡುವೆ ಹಾಯುವ ಕಾರು ಒಂದಿಷ್ಟು ಬಣ್ಣ ಕಳೆದುಕೊಳ್ಳುವುದನ್ನು ಇಲ್ಲಿ ದಿನವೂ ಕಾಣಬಹುದು.

ಜಾಗ ಸಿಕ್ಕ ಮೇಲೆ ಇವನ ನಡವಳಿಕೆ ಬದಲಾಗುತ್ತದೆ. ಕಾರು ಹೊರಗೆ ಹೋದರೆ ಆ ಜಾಗಕ್ಕೆ ಮೊದಲ ಮಹಡಿಯವರ ಭಾವಮೈದುನನ ಕಾರು ಬಂದುಬಿಡುತ್ತದೆ ಎಂಬ ಭಯದಿಂದ ಅದನ್ನು ತೆಗೆಯುವುದನ್ನೇ ಬಿಡುತ್ತಾನೆ. ಆಫೀಸಿಗೆ ನಡೆದು ಹೋಗುತ್ತಾನೆ, ಎಂ.ಜಿ. ರಸ್ತೆಗೆ ಬೈಯಪ್ಪನಹಳ್ಳಿಯಿಂದ ಮೆಟ್ರೋ, ತುಮಕೂರಿನ ಮದುವೆಗೆ ಸರ್ಕಾರಿ ಬಸ್ಸು. ಭಾನುವಾರ ಬೆಳಿಗ್ಗೆ ಮಾತ್ರ ಕೆಳಗಿಳಿದು, ಧೂಳು ಒರೆಸಿ, ಬ್ಯಾಟರಿ ಸಾಯದಿರಲೆಂದು ಹತ್ತು ನಿಮಿಷ ಎಂಜಿನ್ ಓಡಿಸುತ್ತಾನೆ. ಸದ್ದು ಕೇಳಿ ಎರಡನೇ ಮಹಡಿಯವರು ಬಾಲ್ಕನಿಯಿಂದ ಬಗ್ಗಿ ಆಸೆಯಿಂದ ಕೇಳುತ್ತಾರೆ: “ಗಾಡಿ ತೆಗೀತಿದ್ದೀರಾ ಸಾರ್?”

“ಇಲ್ಲ, ಸುಮ್ನೆ ಸ್ಟಾರ್ಟ್ ಮಾಡಿದೆ.”