ಒಂದು ಚೈನ್ ಕೇಸಿನ ಹೇಳಿಕೆ

ಹಳೆಯ ಮೋಟರ್‌ಸೈಕಲ್‌ಗಳ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಸಾಕು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸಲು ಶಾಫ್ಟ್ ಮೇಲೋ ಚೈನ್ ಮೇಲೋ ಎಂಬ ವ್ಯಾಜ್ಯ ಎದ್ದೇ ಏಳುತ್ತದೆ. ಶಾಫ್ಟ್ ಪಕ್ಷದವರು ಬಿಎಂಡಬ್ಲ್ಯು, ಮೋಟೋ ಗುಝಿ ಎಂದು ದೊಡ್ಡ ಮನೆತನಗಳ ಹೆಸರೆತ್ತುತ್ತಾರೆ. ಚೈನ್ ಪಕ್ಷದವರು ರೇಸುಗಳಲ್ಲಿ ಗೆದ್ದ ಬೈಕುಗಳ ಪಟ್ಟಿ ಬಿಚ್ಚುತ್ತಾರೆ. ಎರಡೂ ಕಡೆಯ ವಾದ ಬೇಕಾದಷ್ಟು ಕೇಳಿಯಾಗಿದೆ. ಆದ್ದರಿಂದ ಇದುವರೆಗೆ ಯಾರೂ ಕರೆಯದ ಸಾಕ್ಷಿಯೊಬ್ಬರನ್ನು ಮಾತಿಗೆಳೆಯುವುದು ನ್ಯಾಯವೆನಿಸಿತು: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ 250ರ ಚೈನ್ ಕೇಸ್, ಎಂದರೆ ಚೈನನ್ನು ಮುಚ್ಚುವ ತಗಡಿನ ಡಬ್ಬಿ. ಆ ಕಾರ್ಖಾನೆ 1961ರಲ್ಲಿ ಬೈಕು ಮಾಡಲು ತೊಡಗಿ 1996ರಲ್ಲಿ ನಿಲ್ಲಿಸಿತು. ಸಾಕ್ಷಿಯ ಸದ್ಯದ ವಾಸ ಗುಜರಿ ಅಂಗಡಿಯ ಅಟ್ಟ. ತಗಡಿನ ಮೈಗೆ ತುಕ್ಕು ಹತ್ತಿದೆ, ನಾಲಿಗೆಗೆ ಹತ್ತಿಲ್ಲ.

ಪ್ರಶ್ನೆ: ಸುತ್ತಿಬಳಸದೆ ಕೇಳುತ್ತೇನೆ. ಶಾಫ್ಟ್ ಮೇಲೋ, ಚೈನ್ ಮೇಲೋ?

ಚೈನ್ ಕೇಸ್: ಹೋಲಿಕೆಯೇ ಸರಿಯಿಲ್ಲ ಸ್ವಾಮಿ. ನೀವು ತೂಗುತ್ತಿರುವುದು ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಕೂತವನನ್ನೂ ರಸ್ತೆಯ ಧೂಳು ತಿನ್ನುತ್ತಾ ಓಡುವವನನ್ನೂ. ಚೈನ್ ಹೇಗೆ ಸಾಯುತ್ತದೆ ನೋಡಿ. ಗ್ಯಾರೇಜಿನಲ್ಲಿ ಚೈನ್ ಹಿಗ್ಗಿದೆ ಎನ್ನುತ್ತಾರೆ, ಆದರೆ ಉಕ್ಕಿನ ಪಟ್ಟಿಗಳೇನೂ ಹಿಗ್ಗಿರುವುದಿಲ್ಲ. ಕೊಂಡಿಯ ಸಂದಿಯಲ್ಲಿರುವ ಪಿನ್ನು, ಪಿನ್ನಿನ ಸುತ್ತಲಿನ ಬುಷ್ ಸವೆದಿರುತ್ತವೆ. ನೂರು ಕೊಂಡಿಯ ಚೈನಿನಲ್ಲಿ ಒಂದೊಂದು ಸಂದಿಯೂ ಮಿಲಿಮೀಟರಿನ ಹತ್ತನೇ ಒಂದು ಭಾಗ ಸವೆದರೆ ಒಟ್ಟು ಉದ್ದ 10 ಮಿ.ಮೀ. ಬೆಳೆಯುತ್ತದೆ. ಆಮೇಲೆ ಅದು ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಕೊಕ್ಕೆಯಾಗಿಸಲು ಶುರುಮಾಡುತ್ತದೆ. ಈ ಸವೆತಕ್ಕೆ ಮೂಲ ಮರಳು, ನೀರು. ತೆರೆದ ಚೈನಿಗೆ ನೀವು ಭಕ್ತಿಯಿಂದ ಎಣ್ಣೆ ಬಿಟ್ಟರೆ ಆ ಎಣ್ಣೆಯೇ ಧೂಳನ್ನು ಹಿಡಿದು ಉಜ್ಜುವ ಪೇಸ್ಟ್ ಆಗುತ್ತದೆ. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಬುಷ್ ರೋಲರ್ ಚೈನನ್ನು ರೂಪಿಸಿದಾಗಲೇ ಅದರ ಗುಣ ನಿಂತಿದ್ದು ಪಿನ್ನಿಗೂ ಬುಷ್ಷಿಗೂ ನಡುವಿನ ತೆಳು ಎಣ್ಣೆಯ ಪದರದ ಮೇಲೆ. ಎಣ್ಣೆ ಒಳಗೆ, ಮಣ್ಣು ಹೊರಗೆ ಇರುವಷ್ಟು ಕಾಲ ಅದು ನೂರಕ್ಕೆ 97-98ರಷ್ಟು ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಶಾಫ್ಟಿನ ತುದಿಯಲ್ಲಿ ಶಕ್ತಿಯ ದಿಕ್ಕು ತಿರುಗಿಸುವ ಬೆವೆಲ್ ಗೇರು ಚೈನಿಗಿಂತ ಹೆಚ್ಚೇ ಶಕ್ತಿ ತಿನ್ನುತ್ತದೆ.

ಪ್ರಶ್ನೆ: ತಗಡಿನ ಮುಚ್ಚಳವೊಂದು ಮುಚ್ಚುವುದನ್ನು ಹೊಗಳಿದರೆ ಯಾರು ನಂಬುತ್ತಾರೆ? ಶಾಫ್ಟ್ ಹುಟ್ಟಿದಾಗಿನಿಂದ ಬಾಳಿಕೆಗೆ ಹೆಸರಾದದ್ದು.

ಚೈನ್ ಕೇಸ್: ಆ ಹೆಸರು ಬಂದ ದಾರಿ ಹೇಳುತ್ತೇನೆ. ಬೆಲ್ಜಿಯಮ್ಮಿನ ಎಫ್‌ಎನ್ ಕಂಪನಿಯ ನಾಲ್ಕು ಸಿಲಿಂಡರಿನ ಬೈಕಿನಲ್ಲಿ 1905ರ ಹೊತ್ತಿಗೇ ಶಾಫ್ಟ್ ಇತ್ತು. 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ರೂಪಿಸಿದ ಬಿಎಂಡಬ್ಲ್ಯು ಆರ್32 ಬಂತು, ಶಾಫ್ಟಿಗೆ ಕುಲದೇವರ ಪಟ್ಟ ಸಿಕ್ಕಿತು. ಆದರೆ ಆ ಶಾಫ್ಟ್ ದಂಡ ಬಯಲಿನಲ್ಲೇ ಗಿರಗಿರ ತಿರುಗುತ್ತಿತ್ತು. ಹಲ್ಲಿರುವ ಗೇರುಗಳು ಮಾತ್ರ ಚಕ್ರದ ಪಕ್ಕದ ಡಬ್ಬಿಯೊಳಗೆ ಎಣ್ಣೆಯಲ್ಲಿ ಭದ್ರವಾಗಿದ್ದವು. ಅಂದರೆ ಸವೆಯುವ ಭಾಗವನ್ನು ಮುಚ್ಚಿದ್ದರು, ಸವೆಯದ ದಂಡವನ್ನು ಬಿಟ್ಟಿದ್ದರು. 1955ರ ಮಾದರಿಗಳಲ್ಲಿ ಆ ದಂಡವೂ ಸ್ವಿಂಗ್‌ಆರ್ಮಿನ ಕೊಳವೆಯೊಳಗೆ ಹೋಗಿ ಎಣ್ಣೆಯಲ್ಲಿ ಕೂತಿತು. ಶಾಫ್ಟಿನ ಬಾಳಿಕೆ ಎಂದು ನೀವು ಹೊಗಳುವುದರಲ್ಲಿ ದೊಡ್ಡ ಪಾಲು ನನ್ನಂಥ ಮುಚ್ಚಳದ್ದು.

ಇದಕ್ಕೆ ಗಟ್ಟಿ ಸಾಕ್ಷಿ ಇಟಲಿಯ ಲ್ಯಾಂಬ್ರೆಟಾ. ಮೊದಲ ದಶಕದ ಲ್ಯಾಂಬ್ರೆಟಾ ಸ್ಕೂಟರುಗಳೆಲ್ಲ ಶಾಫ್ಟಿನವು. ಮುಂಬೈಯಲ್ಲಿ ಜೋಡಣೆಯಾಗುತ್ತಿದ್ದ ಎಲ್‌ಡಿ ಕೂಡ ಅದೇ ಜಾತಿ. 1950ರ ದಶಕದ ಕೊನೆಗೆ ಎಲ್‌ಐ ಸರಣಿ ಬಂದಾಗ ಆ ಕಂಪನಿ ಶಾಫ್ಟನ್ನು ಕೈಬಿಟ್ಟು ಎಂಜಿನ್ ಕವಚದೊಳಗೆ ಎಣ್ಣೆಯಲ್ಲಿ ಓಡುವ ಎರಡು ಸಾಲಿನ ಚೈನನ್ನು ಹಾಕಿತು. ಶಾಫ್ಟ್ ಮಾಡಲು ಬಾರದವರು ಮಾಡಿದ ಬದಲಾವಣೆ ಅಲ್ಲ ಇದು. ಹತ್ತು ವರ್ಷ ಮಾಡಿ ಪಳಗಿದವರು ಬೇಡವೆಂದದ್ದು. ಆ ಚೈನನ್ನು ತಿಂಗಳಿಗೊಮ್ಮೆ ಬಿಗಿಮಾಡಿ ಎಂದು ಸ್ಕೂಟರಿನವರು ಯಾರಿಗಾದರೂ ಹೇಳಿದ್ದುಂಟೇ? ಪೂರ್ವ ಜರ್ಮನಿಯ ಎಂಝಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚೈನಿನ ಎರಡೂ ಎಳೆಗಳಿಗೆ ರಬ್ಬರ್ ಕೊಳವೆ ತೊಡಿಸಿತು, ಹಿಂದಿನ ಸ್ಪ್ರಾಕೆಟ್ಟಿಗೆ ಅದರದ್ದೇ ಬೇರಿಂಗ್ ಕೊಟ್ಟಿತು. ಪಂಕ್ಚರ್ ಆದರೆ ಚಕ್ರ ಮಾತ್ರ ಹೊರಬರುತ್ತದೆ, ಚೈನ್ ತನ್ನ ಜಾಗದಲ್ಲೇ ಇರುತ್ತದೆ. 1970ರ ದಶಕದಲ್ಲಿ ಬಂದ ಓ-ರಿಂಗ್ ಚೈನ್ ತಾನೇ ಮತ್ತೇನು? ಒಂದೊಂದು ಪಿನ್ನಿಗೂ ಒಂದೊಂದು ಪುಟ್ಟ ಚೈನ್ ಕೇಸ್. ನನ್ನನ್ನು ಬಿಚ್ಚಿ ಎಸೆದು, ನನ್ನ ಕೆಲಸವನ್ನು ಚೂರುಚೂರು ಮಾಡಿ ಕೊಂಡಿಗಳಿಗೆ ಹಂಚಿದರು. ನನಗೆ ಪಿಂಚಣಿ ಮಾತ್ರ ಇಲ್ಲ.

(ಸಾಕ್ಷಿ ಇಲ್ಲಿ ಕೊಂಚ ಉಬ್ಬಿದಂತೆ ಕಂಡಿತು. ತಗಡು ಉಬ್ಬಿದರೆ ಚೈನಿಗೆ ತಾಗಿ ಕರಕರ ಎನ್ನುತ್ತದೆ ಎಂದು ನೆನಪಿಸಬೇಕಾಯಿತು.)

ಪ್ರಶ್ನೆ: ಹಾಗಾದರೆ ಶಾಫ್ಟಿಗೆ ಸ್ವಂತ ಯೋಗ್ಯತೆಯೇ ಇಲ್ಲವೆಂದಾಯಿತು?

ಚೈನ್ ಕೇಸ್: ಇದೆ, ಆದರೆ ಅದು ಎಂಜಿನ್ ಮಲಗಿದ ದಿಕ್ಕಿನ ಮೇಲೆ ನಿಂತಿದೆ. ಬಿಎಂಡಬ್ಲ್ಯು, ಮೋಟೋ ಗುಝಿಯ ವಿ-ಟ್ವಿನ್, 1975ರ ಹೋಂಡಾ ಗೋಲ್ಡ್ ವಿಂಗ್, 1978ರ ಸಿಎಕ್ಸ್500, ಇವೆಲ್ಲದರಲ್ಲೂ ಕ್ರ್ಯಾಂಕ್ ಬೈಕಿನ ಉದ್ದಕ್ಕೆ ಇದೆ. ಶಕ್ತಿ ನೇರ ಹಿಂದೆ ಹರಿದು ಚಕ್ರದ ಹತ್ತಿರ ಒಂದೇ ಸಲ ತಿರುಗಿದರಾಯಿತು. ಅಲ್ಲಿ ಶಾಫ್ಟ್ ಸಹಜ, ಚೈನ್ ಹಾಕುವುದೇ ಸರ್ಕಸ್ಸು. ಯಮಹಾ ಎಕ್ಸ್‌ಎಸ್1100, ಸುಜುಕಿ ಜಿಎಸ್850ಗಳಲ್ಲಿ ಕ್ರ್ಯಾಂಕ್ ಅಡ್ಡ ಇದೆ. ಚಕ್ರದ ಅಚ್ಚೂ ಅಡ್ಡವೇ. ನಡುವೆ ಶಾಫ್ಟ್ ತಂದರೆ ಶಕ್ತಿ ಒಮ್ಮೆ ಉದ್ದಕ್ಕೆ ತಿರುಗಿ ಮತ್ತೆ ಅಡ್ಡಕ್ಕೆ ತಿರುಗಬೇಕು. ಎರಡು ಜೋಡಿ ಬೆವೆಲ್ ಗೇರು, ಎರಡು ಸಲ ನಷ್ಟ, ಮೇಲೆ ತೂಕ. ಹೋಗಬೇಕಾದ ದಿಕ್ಕಿನಲ್ಲೇ ಇದ್ದವನನ್ನು ಎರಡು ಮೂಲೆ ಸುತ್ತಿಸಿ ಅದನ್ನು ಐಷಾರಾಮಿ ಎಂದು ಮಾರಿದರು.

ಶಾಫ್ಟಿಗೆ ಮೊಂಡುತನವೂ ಉಂಟು. ಆಕ್ಸಿಲರೇಟರ್ ತಿರುಗಿಸಿದರೆ ಬೈಕಿನ ಹಿಂಭಾಗ ಎದ್ದು ನಿಲ್ಲುತ್ತದೆ. ತಿರುವಿನ ನಡುವೆ ಹೆದರಿ ಬಿಟ್ಟರೆ ಕುಸಿಯುತ್ತದೆ. ಹಳೆಯ ಬಿಎಂಡಬ್ಲ್ಯುಗಳನ್ನು ಜರ್ಮನ್ನರೇ ರಬ್ಬರ್ ಹಸು ಎಂದು ಅಡ್ಡಹೆಸರಿಟ್ಟು ಕರೆದರು. ಇದನ್ನು ಪಳಗಿಸಲು ಆರ್100ಜಿಎಸ್ ಮತ್ತು ಅದರ ಪ್ಯಾರಾಲಿವರ್ ಎಂಬ ಹಿಂಬದಿಯ ಜೋಡಣೆ ಬರುವವರೆಗೆ, ಅಂದರೆ 1987ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ಸನ್‌ಬೀಮ್ ಎಸ್7 ಕಥೆ ಇನ್ನೂ ಚೆನ್ನ. ಅದರ ಹಿಂದಿನ ವರ್ಮ್ ಗೇರು ಎಂಜಿನ್ನಿನ ಬಲ ತಾಳದೆ ಸವೆಯಿತು, ಅದಕ್ಕೆ ಎಂಜಿನ್ನಿನ ಬಲವನ್ನೇ ಇಳಿಸಿದರು. ಸೊಸೆಗೆ ಹೊಂದಲಿ ಎಂದು ಮಗನಿಗೆ ಉಪವಾಸ.

ಪ್ರಶ್ನೆ: ಆದರೂ ಶಾಫ್ಟಿಗೆ ನಿಗಾ ಬೇಡ. ಚೈನನ್ನು ಮುಚ್ಚಿದರೂ ಲೂಸ್ ನೋಡಲೇಬೇಕು.

ಚೈನ್ ಕೇಸ್: ಎರಡನೆಯದು ನಿಜ. ಮೊದಲನೆಯದು ಅರ್ಧ ಸುಳ್ಳು. ಶಾಫ್ಟ್ ಬೈಕುಗಳಲ್ಲಿ ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆಗಳಿವೆ, ಸ್ಪ್ಲೈನ್ ಅನ್ನುತ್ತಾರೆ. ಅವಕ್ಕೆ ಮಾಲಿಬ್ಡಿನಮ್ ಬೆರೆತ ಗ್ರೀಸ್ ಬೇಕು. ಹೋಂಡಾದಲ್ಲಿ ಹಿಂದಿನ ಟೈರ್ ಬದಲಿಸುವಾಗ ಕೈಗೆ ಸಿಗುತ್ತವೆ, ಹಚ್ಚುವವರು ಹಚ್ಚುತ್ತಾರೆ. ಹಳೆಯ ಬಿಎಂಡಬ್ಲ್ಯುವಿನ ಕ್ಲಚ್ಚಿನ ಸ್ಪ್ಲೈನಿಗೆ ಗ್ರೀಸ್ ಮುಟ್ಟಿಸಬೇಕೆಂದರೆ ಗೇರ್‌ಬಾಕ್ಸನ್ನೇ ಹಿಂದೆ ಸರಿಸಬೇಕು. ನಿಗಾ ಬೇಡವೆಂಬ ಮಾತನ್ನು ನಂಬಿದವರ ಸ್ಪ್ಲೈನ್ ಒಣಗಿ ಹಲ್ಲು ಉದುರಿದಾಗ ಚೈನ್ ಸ್ಪ್ರಾಕೆಟ್ ಸೆಟ್ಟಿನ ಬೆಲೆಯಲ್ಲಿ ಮುಗಿಯುವುದಿಲ್ಲ. ಚೈನ್ ತಾನು ಸಾಯುತ್ತಿದ್ದೇನೆಂದು ತಿಂಗಳುಗಟ್ಟಲೆ ಕಿರುಚುತ್ತದೆ. ಶಾಫ್ಟ್ ಗೌರವಸ್ಥ, ಕೊನೆಯ ದಿನದವರೆಗೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಇಷ್ಟು ಉಪಕಾರಿಯಾದ ನಿಮ್ಮನ್ನು ಜನ ಯಾಕೆ ಕಿತ್ತೆಸೆದರು?

ಚೈನ್ ಕೇಸ್: ನನ್ನ ತಪ್ಪೂ ಇದೆ. ನನ್ನ ಬೋಲ್ಟ್ ಸಡಿಲವಾದರೆ ಗಲಾಟೆ ಮಾಡುತ್ತೇನೆ. ಒಳಗೆ ನೀರು ಸೇರಿ ಎಣ್ಣೆ ಇಲ್ಲದಿದ್ದರೆ ತುಕ್ಕಿಗೆ ನಾನೇ ಆಶ್ರಯ. ನೂರು ಕುದುರೆಶಕ್ತಿಯ ಬೈಕಿಗೆ ನಾನು ಹೊಂದುವುದು ಕಷ್ಟ, ಅಗಲದ ಚೈನು, ಬಿಸಿ, ಜಾಗದ ಇಕ್ಕಟ್ಟು. ಅಲ್ಲಿ ಓ-ರಿಂಗಿಗೆ ಬಿಟ್ಟುಕೊಡುತ್ತೇನೆ. ಆದರೆ 12 ಕುದುರೆಶಕ್ತಿಯ ಜಾವಾದಿಂದ ನನ್ನನ್ನು ತೆಗೆದದ್ದು ಬಿಸಿಗಲ್ಲ, ಶೋಕಿಗೆ. ತೆರೆದ ಚೈನ್ ರೇಸಿನದ್ದು, ಮುಚ್ಚಿದ ಚೈನ್ ಹಾಲಿನ ಕ್ಯಾನ್ ಹೊರುವವರದ್ದು ಎಂಬ ನಂಬಿಕೆ. ಹೀರೋ ಹೋಂಡಾ ಸಿಡಿ100, ಸ್ಪ್ಲೆಂಡರ್ ಪೂರ್ತಿ ಚೈನ್ ಕೇಸ್ ಹಾಕಿಕೊಂಡೇ ಊರೂರಿನ ಕೆಸರಿನಲ್ಲಿ ಓಡಿದವು, ಆದ್ದರಿಂದಲೇ ನಮಗೆ ಮರ್ಯಾದೆ ಇಲ್ಲವಾಯಿತು. ಮುಚ್ಚಳ ಬಿಸಾಡಿದವರೇ ಚೈನ್ ಬೇಗ ಹೋಯಿತೆಂದು ಗೊಣಗಿ, ಶಾಫ್ಟೇ ಸರಿ ಎಂದು ತೀರ್ಪು ಕೊಡುತ್ತಾರೆ.

ಪ್ರಶ್ನೆ: ದೂರದ ಪ್ರಯಾಣಕ್ಕೆ ಹಳೆಯ ಬೈಕು ಕೊಳ್ಳುವವರಿಗೆ ಏನು ಹೇಳುತ್ತೀರಿ?

ಚೈನ್ ಕೇಸ್: ಎಂಜಿನ್ ಉದ್ದಕ್ಕಿದ್ದರೆ ಶಾಫ್ಟ್ ತೆಗೆದುಕೊಳ್ಳಲಿ, ಸ್ಪ್ಲೈನ್ ನೋಡಿಸಲಿ. ಅಡ್ಡಕ್ಕಿದ್ದರೆ ಚೈನಿರಲಿ, ಅದಕ್ಕೊಂದು ಹೊದಿಕೆ ಇರಲಿ. ಬೆಟ್ಟದ ದಾರಿಯಾದರೆ ಸ್ಪ್ರಾಕೆಟ್ಟಿನ ಒಂದೆರಡು ಹಲ್ಲು ಹೆಚ್ಚು ಕಡಿಮೆ ಮಾಡಿ ಅನುಪಾತ ಬದಲಿಸಬಹುದು. ಶಾಫ್ಟಿನವರು ಆ ಮಾತೆತ್ತಿದರೆ ಹಿಂದಿನ ಡ್ರೈವ್ ಡಬ್ಬಿಯನ್ನೇ ಹುಡುಕಿಕೊಂಡು ಹೋಗಬೇಕು.

ನ್ಯಾಯಕ್ಕೆ ಶಾಫ್ಟಿನ ಪ್ರತಿಕ್ರಿಯೆಯನ್ನೂ ಪ್ರಕಟಿಸಬೇಕಿತ್ತು. ಹಳೆಯ ಬಿಎಂಡಬ್ಲ್ಯು ಒಂದರ ಶಾಫ್ಟಿಗೆ ಹೇಳಿ ಕಳಿಸಲಾಯಿತು. ಹೊರಗೆ ಬಂದು ಮಾತಾಡಬೇಕಾದರೆ ಮೊದಲು ಹಿಂದಿನ ಚಕ್ರ, ಆಮೇಲೆ ಸ್ವಿಂಗ್‌ಆರ್ಮ್ ಬಿಚ್ಚಿಸಬೇಕೆಂದೂ, ಮೆಕ್ಯಾನಿಕ್ ಬುಧವಾರದವರೆಗೆ ಬಿಡುವಿಲ್ಲವೆಂದೂ ಉತ್ತರ ಬಂದಿದೆ.